ಕೆಂಪು ಗಾಡಿಯ ಬಲಗಡೆ ಸೀಟು

ಕೋಡಿಬಾಗ, ಕಾರವಾರ
6 ನವೆಂಬರ್ 2023

ವೈಜಯಂತಿ ಮೇಡಂ,

ನಿಮ್ಮ ಸೀಟು ನಾನು ಹಾಳು ಮಾಡ್ಲಿಲ್ಲ. ಇದನ್ನ ಮೊದ್ಲು ಹೇಳ್ತೆ, ಉಳಿದದ್ದು ಆಮೇಲೆ. ಹಾಳು ಮಾಡ್ದೆ ಹೇಳಿ ನೀವು ಬರೀಲಿಲ್ಲ, ಬಾಯಲ್ಲೂ ಹೇಳ್ಲಿಲ್ಲ, ನಂಗೂ ಗೊತ್ತದೆ. ಒಂದು ಚೀಟಿನೂ ಇಲ್ದೆ, ಟೆಂಪೋ ಓಡ್ಸೂ ಸಂದೇಶನ ಕೈಲಿ ವಾಪಸ್ ಕಳ್ಸಿದ್ರಿ. ನಾರೂ ಮೀನು ವಾಪಸ್ ಕಳ್ಸ್ದ ಹಾಂಗೆ. ಬೈಯೂದಕ್ಕಿಂತ ಅದೇ ಜೋರು.

ಸೀಟು ಇಳ್ಸಿದ ಕೂಡ್ಲೆ ಶಾಂತಾರಾಮ ಮಾಮ ಅಂಗಡಿ ಬಾಗ್ಲಲ್ಲೇ ನಿಂತು ಕೂಗ್ದ, "ಏ ರೂಪ್ಯಾ, ನಿನ್ನ ಮದುಮಗಳು ತಿರುಗಿ ಬಂದ್ಲು ನೋಡೋ!" ಅವ ಈ ಕುಶನ್ ಅಂಗಡಿ ಮಾಲಕ, ಕೂಗೂಕೆ ಅವಂಗೆ ಹಕ್ಕದೆ. ರಿಕ್ಷಾ ಸೀಟು ಹೊಲ್ಸೂಕೆ ಬಂದವ್ರೂ ನಕ್ರು. ಅವ್ರಿಗೆ ಎಂತ ಹಕ್ಕದೆ?

ನಿಮ್ಮ ಸೀಟು ಬಿಚ್ಚಿದವ ನಾನು. ಬಲಗಡೆ ಉಬ್ಬು ಪೂರ್ತಿ ಕುಸ್ದು ಹೋಗಿತ್ತು. ಇಂಥಾ ನೆಲಕ್ಕೆ ತಾಗೂ ಸ್ಪೋರ್ಟ್ಸ್ ಕಾರಲ್ಲಿ ಯಾರೂ ಕೂತ್ಕಳೂದಿಲ್ಲ, ಬೀಳೂದು. ಬೀಳೂವಾಗ ಸೊಂಟ ಆ ಉಬ್ಬಿಗೇ ಉಜ್ತದೆ. ಇಪ್ಪತ್ತು ವರ್ಷದ ಮೇಲೆ ಬಿದ್ದೀರಿ ನೀವು. ಒಳಗಿನ ಫೋಮು ಹಳದಿ ಹಿಟ್ಟಾಗಿತ್ತು, ಮುಟ್ಟಿದ್ರೆ ಉದುರ್ತಿತ್ತು. ಗಟ್ಟಿ ಸಿಗೂವರೆಗೂ ಕೊಯ್ದು ತೆಗ್ದೆ. ಹೊಸ ಫೋಮು ಗಮ್ ಹಾಕಿ ಕೂಡ್ಸ್ದೆ, ಚೂರಿಲಿ ಕೆತ್ತಿ, ಪಾಲಿಶ್ ಪೇಪರಲ್ಲಿ ತಿಕ್ಕಿ ಆಕಾರಕ್ಕೆ ತಂದೆ. ಮೇಲಿನ ಚರ್ಮದಲ್ಲಿ ಹರ್ದ ಪಟ್ಟಿ ಒಂದನ್ನೇ ಬದ್ಲಿಸ್ದೆ. ಆ ಕಪ್ಪಿಗೆ ಹೊಂದೂ ತುಂಡಿಗೆ ಎಷ್ಟು ಗೋಣಿ ತಡಕ್ದೆ ಹೇಳಿ ನಿಮ್ಗೆ ಗೊತ್ತಿಲ್ಲ.

ಆಕಾರ ಸರಿ ಬರ್ಲಿ ಹೇಳಿ, ಮಾದರಿಗೆ ಕಳ್ಸಿದ್ದ ಎಡಗಡೆ ಸೀಟನ್ನೂ ಬಿಚ್ಚಿ ನೋಡ್ದೆ. ಅದ್ರಲ್ಲಿ ಯಾರೂ ಕೂತೇ ಇಲ್ಲ. ಕಂಪನಿಯವ್ರು ತುಂಬ್ದ ಫೋಮು ಹಾಂಗೇ ಅದೆ. ಇರೂದೇ ಎರಡು ಸೀಟು, ಅದ್ರಲ್ಲೊಂದು ಖಾಲಿ. ಜೊತಿಗೆ ಒಬ್ರೂ ಇಲ್ದವ್ರಿಗೆ ಇಂಥಾ ಗಾಡಿ ಎಂತಕ್ಕೆ?

ಹೊಸ ಫೋಮು ಮೊದ್ಲು ಗಟ್ಟಿನೇ ಇರ್ತದೆ, ಕೂತು ಕೂತು ಮೆತ್ತಗಾಗ್ತದೆ. ಅಷ್ಟು ತಾಳ್ಮೆ ಇಲ್ದಿದ್ರೆ ಮತ್ತೆಂತ ಮಾಡೂದು?

ಫೋನ್ ಮಾಡ್ಬಹುದಿತ್ತಲ್ಲ ಅಂದ್ರೆ, ಫೋನಲ್ಲಿ ನಂಗೆ ಆಗೂದಿಲ್ಲ. ಎದ್ರಿನವ್ರು ಒಂದು ಮಾತಾಡೂದ್ರೊಳಗೆ ನಾ ನಾಲ್ಕು ಬೈದಿರ್ತೆ. ಬರಿಯೂಕೆ ಕೂತ್ರೆ ಕೈ ನಿಧಾನ, ಅಷ್ಟ್ರಲ್ಲಿ ಅರ್ಧ ಬೈಗುಳ ಮರ್ತೋಗ್ತದೆ. ಒಂಬತ್ತನೇ ಕ್ಲಾಸಲ್ಲಿ ಶಾಲೆ ಬಿಟ್ಟವ ನಾನು, ತಪ್ಪಿದ್ರೆ ನೀವೇ ತಿದ್ಕಳ್ಳಿ.

ಸೀಟಿಗೆ ಎಂತಾಗದೆ ಹೇಳಿ ಬರ್ದು ಸಂದೇಶನ ಕೈಲಿ ಕೊಡಿ. ಮಾಮಂಗೆ ಹೇಳ್ಬೇಡಿ, ನಂಗೆ ಹೇಳಿ. ಮಾಡ್ದವ ನಾನು.

ರೂಪೇಶ


ಬೊಬ್ರುವಾಡ, ಅಂಕೋಲಾ
9 ನವೆಂಬರ್ 2023

ರೂಪೇಶನಿಗೆ,

ಕೈಗಾ ಅಣುಸ್ಥಾವರದ ಸ್ಟೋರ್ಸ್ ವಿಭಾಗದಲ್ಲಿ ನಿವೃತ್ತಿಯವರೆಗೂ ಕೆಲಸ ಮಾಡಿದ ನನಗೆ ಒರಟು ಕಾಗದಗಳು ಹೊಸವಲ್ಲ. ಸೀಟು ಹೊಲಿಯುವವರಿಂದ ಬಂದದ್ದು ಮಾತ್ರ ಇದೇ ಮೊದಲು.

ನೀನು ಹಾಳು ಮಾಡಿದೆ ಎಂದು ನಾನು ಯಾರಿಗೂ ಹೇಳಲಿಲ್ಲ, ಅಂದುಕೊಳ್ಳಲೂ ಇಲ್ಲ. ಚೀಟಿ ಇಡದಿದ್ದಕ್ಕೆ ಕಾರಣ ಇಷ್ಟೇ: ಏನು ಬರೆಯಬೇಕೆಂದು ತಿಳಿಯಲಿಲ್ಲ. ಸೀಟು ನೋಡಲು ಚೆಂದವಾಗಿದೆ, ಕೂತರೆ ಓಡಿಸಲು ಆಗುವುದಿಲ್ಲ. ಇದನ್ನು ದೂರಿನಂತೆ ಕೇಳಿಸದ ಹಾಗೆ ಹೇಗೆ ಬರೆಯುವುದು?

ನಾನು ಕುಳ್ಳಿ. ಸೀಟಿನ ಮುಂದಿನ ಅಂಚು ಈಗ ಎತ್ತರವಾಗಿ ತೊಡೆಯನ್ನು ಮೇಲಕ್ಕೆ ಎತ್ತುತ್ತದೆ, ಕಾಲು ಕ್ಲಚ್ಚನ್ನು ಪೂರ್ತಿ ಒತ್ತಲಾರದು. ಬಸ್ ನಿಲ್ದಾಣದ ಎದುರು ಗಾಡಿ ಎರಡು ಬಾರಿ ನಿಂತುಹೋಯಿತು. ಹಿಂದಿನ ಬಸ್ಸಿನವನು ಏನೆಂದನೋ, ನಿನ್ನ ಕಾಗದದಲ್ಲಿ ಮರೆತುಹೋದ ಅರ್ಧ ಬೈಗುಳ ಅದೇ ಇರಬೇಕು. ಇನ್ನೊಂದು: ಕೆಳಗಿನ ತಂತಿಯ ಕೊಂಡಿಯೊಂದು ಬಿಟ್ಟುಕೊಂಡು ಬಟ್ಟೆಗೆ ಸಿಕ್ಕುತ್ತದೆ. ಮೊಣಕಾಲಿನ ಹಿಂಭಾಗದಿಂದ ಹಿಮ್ಮಡಿಯವರೆಗಿನ ಅಳತೆಗೆ ದಾರ ಕತ್ತರಿಸಿ ಇದರೊಂದಿಗೆ ಇಟ್ಟಿದ್ದೇನೆ.

ಎಡಗಡೆಯ ಸೀಟನ್ನು ಬಿಚ್ಚಲು ನಾನು ಹೇಳಿರಲಿಲ್ಲ.

ವೈಜಯಂತಿ ನಾಯಕ


ಕೋಡಿಬಾಗ
12 ನವೆಂಬರ್ 2023

ಮೇಡಂ,

ದಾರ ಸಿಕ್ತು. ಇಷ್ಟು ಗಿಡ್ಡ ಕಾಲು ಹೇಳಿ ಮೊದ್ಲೇ ಹೇಳ್ಬೇಕಾಗಿತ್ತು. ಮಾಮ ಅಳತೆ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಸೀಟಿನ ಅಳತೆಗೆ ಸೀಟು ಮಾಡ್ದೆ, ಮನುಷ್ಯರ ಅಳತೆಗೆ ಮಾಡ್ಲಿಲ್ಲ. ಅಷ್ಟೇ. ಅದು ತಪ್ಪಲ್ಲ.

ಮುಂದಿನ ಅಂಚು ಇಳ್ಸಿದೆ. ದಾರ ಹಿಡ್ದು, ಸ್ಟೂಲಿನ ಮೇಲೆ ಸೀಟಿಟ್ಟು, ನನ್ನ ಕಾಲು ಮಡ್ಚಿ ನಿಮ್ಮಷ್ಟು ಗಿಡ್ಡ ಮಾಡ್ಕಂಡು ಕೂತು ಕೂತು ನೋಡ್ದೆ. ಯಾರೂ ನೋಡ್ಲಿಲ್ಲ, ಪುಣ್ಯ. ಇವತ್ತು ದೀಪಾವಳಿ, ಅಂಗಡಿ ಬಂದ್. ಮಾಮ ಮನೆಯವ್ರನ್ನ ಕರ್ಕಂಡು ಗೋವಾಕ್ಕೆ ಹೋದ. "ನೀ ಊರಿಗೆ ಹೋಗೂದಿಲ್ವೇನೋ?" ಕೇಳ್ದ. ಇಲ್ಲ ಅಂದೆ. ನಮ್ಮೂರು ಬೇಲೇಕೇರಿ, ನಿಮ್ಮಲ್ಲಿಂದ ಹತ್ರ. ಅಪ್ಪ ಬೋಟು ನಡ್ಸೂ ತಾಂಡೇಲ. ಬಲೆ ಕಲ್ಲಿಗೆ ಸಿಕ್ಕಿ ಹರೀತು, ಅವ ಬೋಟಿನವ್ರೆಲ್ಲರ ಎದ್ರಿಗೆ ನಂಗೆ ಹೊಡ್ದ. ಕಲ್ಲಿಗೆ ಹೊಡೀಲಿಲ್ಲ. ಬಂದ್ಬಿಟ್ಟೆ. ಆ ದಿಕ್ಕಿಗೆ ಮತ್ತೆ ಹೋಗೂದಿಲ್ಲ. ಅಂಗಡಿ ಮೇಲಿನ ಅಟ್ಟದಲ್ಲಿ ಫೋಮಿನ ಹಾಳೆ ಮೇಲೆ ಮಲಗ್ತೆ. ಬೀದಿಲಿ ಪಟಾಕಿ ಹೊಡಿತಾರೆ, ಫೋಮಿದ್ದ ಜಾಗ ಹೇಳಿ ಇಲ್ಲಿ ಒಂದು ಹಣತೆನೂ ಹಚ್ಚೂ ಹಾಂಗಿಲ್ಲ.

ತಂತಿ ಕೊಂಡಿ ಎಲ್ಲ ಕಿತ್ತು ಬಿಸಾಕ್ದೆ. ಉಪ್ಪು ಗಾಳಿಗೆ ಅದು ಎಷ್ಟು ದಿನ? ಈ ಸರ್ತಿ ಬಲೆ ಹೆಣಿಯೂ ನೈಲಾನ್ ದಾರದಲ್ಲಿ, ಬಲೆ ಹೆಣಿಯೂ ಸೂಜಿಲಿ, ಬಲೆ ಗಂಟೇ ಹಾಕಿ ಚರ್ಮನ ಕೆಳಗಿನ ಕಂಬಿಗೆ ಕಟ್ದೆ. ಕಾರವಾರದ ಯಾವ ಕುಶನ್ ಅಂಗಡಿಯವಂಗೂ ಇದು ಬರೂದಿಲ್ಲ. ತುಕ್ಕಿಲ್ಲ, ಚುಚ್ಚೂದಿಲ್ಲ. ಸಮುದ್ರ ಎಳೆದ್ರೂ ಬಿಚ್ಚೂದಿಲ್ಲ, ನೀವೆಷ್ಟು ಎಳಿತ್ರಿ?

ಮತ್ತೊಂದು. ಮಾಮ ಹೇಳಿದಾನೆ, "ಇದು ಇನ್ನೊಂದು ಸರ್ತಿ ತಿರುಗಿ ಬಂತೋ, ಅದ್ರ ಹಿಂದೇ ನೀನೂ ಹೊರಗೆ." ಹೊರಗೆ ಅಂದ್ರೆ ಕೆಲ್ಸ ಅಷ್ಟೇ ಅಲ್ಲ, ಅಟ್ಟನೂ ಹೋಗ್ತದೆ. ನಿಮ್ಗೆ ಪಾಪ ಅನ್ಸ್ಲಿ ಹೇಳಿ ಇದನ್ನ ಬರೀಲಿಲ್ಲ. ಸರಿ ಇಲ್ದಿದ್ರೆ ವಾಪಸ್ ಕಳ್ಸಿ. ಕಳ್ಸೂದೇ. ಸರಿ ಇರ್ತದೆ, ಅದ್ಕೇ ಧೈರ್ಯದಲ್ಲಿ ಬರ್ದೆ.

ರೂಪೇಶ


ಬೊಬ್ರುವಾಡ
20 ನವೆಂಬರ್ 2023

ಚಿ. ರೂಪೇಶನಿಗೆ,

ಸೀಟು ಸರಿಯಾಗಿದೆ. ಬಹಳ ಸರಿಯಾಗಿದೆ. ಸಂದೇಶ ಬೋಲ್ಟು ಬಿಗಿದು ಕೈ ಒರೆಸಿಕೊಳ್ಳುವ ಮೊದಲೇ ನಾನು ಒಳಗೆ ಕೂತೆ. ಕ್ಲಚ್ಚು ತಳದವರೆಗೆ ಹೋಯಿತು. ಹಾರವಾಡದವರೆಗೆ ಹೋಗಿ ಬಂದೆ. ದಾರಿಯಲ್ಲಿ ಒಮ್ಮೆಯೂ ಸೀಟಿನ ನೆನಪಾಗಲಿಲ್ಲ. ಇದಕ್ಕಿಂತ ಹೆಚ್ಚಿನ ಮೆಚ್ಚುಗೆಯನ್ನು ಹೇಗೆ ಹೇಳಬೇಕೋ ನನಗೆ ಗೊತ್ತಿಲ್ಲ. ನಿನ್ನ ಮಾಮನಿಗೂ ಫೋನ್ ಮಾಡಿ ಹೇಳಿದ್ದೇನೆ.

ಎಡಗಡೆಯ ಸೀಟಿನ ಬಗ್ಗೆ ಕೇಳಿದ್ದೆಯಲ್ಲ. ಆಗ ನನಗೆ ಸಿಟ್ಟು ಬಂದಿತ್ತು, ಈಗ ಇಲ್ಲ. ಕೈಗಾಕ್ಕೆ ಎಲ್ಲರೂ ಕಂಪನಿಯ ಬಸ್ಸಿನಲ್ಲಿ ಹೋಗುತ್ತಿದ್ದರು, ಮೊದಲು ನಾನೂ ಹೋಗುತ್ತಿದ್ದೆ. ಸ್ಟೋರ್ಸಿನಲ್ಲಿ ಒಂದು ಕಳವಿನ ವಿಚಾರಣೆ ನಡೆದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇಬ್ಬರಿಗೆ ಕೆಲಸ ಹೋಯಿತು. ಆಮೇಲೆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಉಳಿಯತೊಡಗಿತು. ಜನ ನಿಂತುಕೊಂಡೇ ಬರುತ್ತಿದ್ದರು, ಅಲ್ಲಿ ಕೂರುತ್ತಿರಲಿಲ್ಲ. ಗೋವಾಕ್ಕೆ ಹೋಗಿ ಈ ಗಾಡಿ ಕೊಂಡು ತಂದೆ. ಇಲ್ಲೂ ಪಕ್ಕದ ಸೀಟು ಖಾಲಿಯೇ, ಆದರೆ ಅದನ್ನು ಖಾಲಿ ಬಿಟ್ಟವಳು ನಾನು. ಅದರ ಮೇಲೆ ಊಟದ ಡಬ್ಬಿ ಇಡುತ್ತಿದ್ದೆ.

ಡಬ್ಬಿ ಎಂದಾಗ ನೆನಪಾಯಿತು. ಸಂದೇಶನ ಕೈಯಲ್ಲಿ ಶಂಕರಪೋಳಿ ಕಳಿಸಿದ್ದೇನೆ. ಹಬ್ಬ ಮುಗಿದಿದೆ, ಆದರೂ ತಿನ್ನು.

ವೈಜಯಂತಿ


ಕೋಡಿಬಾಗ
25 ನವೆಂಬರ್ 2023

ವೈಜಯಂತಿ ಬಾಯಿ,

ಶಂಕರಪೋಳಿಗೆ ಸಕ್ರೆ ಜಾಸ್ತಿ ಆಗಿತ್ತು. ಡಬ್ಬಿ ಖಾಲಿ ಮಾಡಿ ತೊಳ್ದು ಕಳ್ಸಿದ್ದೆ.

ನಿಮ್ಮ ಫೋನ್ ಬಂದ್ಮೇಲೆ ಮಾಮ ಎಲ್ಲರ ಎದ್ರಿಗೆ ಹೇಳ್ದ, "ಅಂತೂ ರೂಪ್ಯಾ ಒಂದು ಸೀಟು ದಡ ಮುಟ್ಸ್ದ." ರಿಕ್ಷಾದವ ಮಾಬ್ಲೇಶ್ವರ, ಮೊನ್ನೆ ನಕ್ಕವ, ಅವಂದೇ ಸೀಟು ಈಗ ನನ್ನ ಕೈಲಿ ಹೊಲಿಸ್ತಾನಂತೆ. ಅವಂಗೆ ಸಾವಕಾಶ ಮಾಡಿ ಕೊಡ್ತೆ, ಕಾಯ್ಲಿ.

ನೀವು ಇದ್ದದ್ದು ಇದ್ದ ಹಾಂಗೆ ಹೇಳಿದ್ದಕ್ಕೆ ಬಸ್ಸಿನವ್ರು ಹಾಂಗೆ ಮಾಡಿದ್ರಾ? ನಾ ಇದ್ದಿದ್ರೆ ಬೇಕಂದೇ ನಿಮ್ಮ ಪಕ್ಕ ಬಂದು ಕೂತ್ಕಂತಿದ್ದೆ. ನಿಮ್ಮ ಮೇಲಿನ ಪ್ರೀತಿಗಲ್ಲ, ಅವ್ರಿಗೆ ಹೊಟ್ಟೆ ಉರೀಲಿ ಹೇಳಿ.

ಗಾಡಿ ತಕಂಡು ಎಲ್ಲೆಲ್ಲಿ ಹೋಗ್ತ್ರಿ ಹೇಳಿ ಬರೀರಿ. ನಾ ಮಾಡ್ದ ಸೀಟು ಎಲ್ಲಿ ತಿರುಗ್ತದೆ ಹೇಳಿ ಗೊತ್ತಾಗ್ಬೇಕು. ನಾ ಈ ಅಂಗಡಿ ಬಿಟ್ಟು ಎಲ್ಲೂ ಹೋಗೂದಿಲ್ಲ, ಸೀಟಾದ್ರೂ ಹೋಗ್ಲಿ. ಫೋಮು ಮೆತ್ತಗಾಯ್ತೋ ಇಲ್ವೋ ಅದನ್ನೂ ಬರೀರಿ. ಪುರ್ಸೊತ್ತಿದ್ರೆ. ಇಲ್ದಿದ್ರೆ ಬೇಡ. ನಂಗೇನೂ ಯಾರೂ ಪತ್ರ ಬರಿಯೂದಿಲ್ಲ, ಅಭ್ಯಾಸ ಅದೆ.

ರೂಪೇಶ


ಬೊಬ್ರುವಾಡ
14 ಡಿಸೆಂಬರ್ 2023

ಚಿ. ರೂಪೇಶನಿಗೆ,

ತಡವಾಯಿತು. ಚಳಿಗೆ ಕೈ ಓಡುತ್ತಿಲ್ಲ.

ಮೊನ್ನೆ ಬೆಳಿಗ್ಗೆ ರಾಮನಗುಳಿಯವರೆಗೆ ಹೋಗಿದ್ದೆ. ಯಲ್ಲಾಪುರದ ರಸ್ತೆ ಹಿಡಿದರೆ ಕಾಡು ಹತ್ತಿರ ಬರುತ್ತದೆ, ಬಿಸಿಲು ತಡವಾಗಿ ಬೀಳುತ್ತದೆ. ಗಂಗಾವಳಿಯಲ್ಲಿ ಮಳೆಗಾಲದ ಕೆಂಪು ಹೋಗಿ ನೀರು ತಿಳಿಯಾಗಿದೆ. ರಸ್ತೆ ಬದಿಯ ಕಟ್ಟೆಯ ಆಚೆ ಹೊಳೆ ಉದ್ದಕ್ಕೂ ಕಾಣುತ್ತಿತ್ತು. ನಡುವಿನ ಬಂಡೆಯ ಮೇಲೆ ಒಬ್ಬ ಹೆಂಗಸು ಕಂಬಳಿ ಒಗೆದು ಹರಡಿದ್ದಳು, ಅವಳ ನಾಯಿ ಅದರ ಮೇಲೇ ಮಲಗಿತ್ತು. ಚಹಾ ಕುಡಿದು ಬಂದೆ.

ಸೀಟು ದಿನದಿನಕ್ಕೆ ಮೆತ್ತಗಾಗುತ್ತಿದೆ, ನೀನು ಹೇಳಿದ ಹಾಗೆಯೇ. ಚಿಂತೆ ಬೇಡ.

ಮಾಬ್ಲೇಶ್ವರನನ್ನು ಹೆಚ್ಚು ಕಾಯಿಸಬೇಡ. ರಿಕ್ಷಾ ಓಡಿಸುವವನು ದಿನವಿಡೀ ಸೀಟಿನ ಮೇಲೇ ಇರಬೇಕು.

ನೀನು ಬರೆಯುತ್ತಿರು. ಸಂದೇಶನ ಟೆಂಪೋ ನಮ್ಮ ಓಣಿಗೆ ತಿರುಗುವ ಸದ್ದು ಈಗ ನನಗೆ ಗುರುತಾಗಿದೆ.

ವೈಜಯಂತಿ


ಕೋಡಿಬಾಗ
2 ಜನವರಿ 2024

ಮೇಡಂ,

ನೀವು ಸುಳ್ಳಿ.

ನಿನ್ನೆ ಸಂದೇಶ ಚಹಾ ಕುಡಿಯೂಕೆ ಬಂದ. "ವೈಜಯಂತಿ ಬಾಯಿ ಗಾಡಿ ಎಲ್ಲಿವರೆಗೆ ಹೋಯ್ತೋ?" ಕೇಳ್ದೆ. ಜಂಬದಲ್ಲೇ ಕೇಳ್ದೆ. ಅವ ಹೇಳ್ದ, "ಎಲ್ಲಿ ಹೋಗೂದು ಮಾರಾಯಾ? ಗಾಡಿಗೆ ತಾಡಪತ್ರೆ ಹೊದ್ಸಿ ತಿಂಗ್ಳಾಗ್ತಾ ಬಂತು. ಶೆಡ್ಡಲ್ಲಿ ಮೇಲೆಲ್ಲ ಧೂಳು ಕೂತದೆ. ಬಾಯಿ ಸೊಂಟ ಹಿಡ್ಕಂಡು ಬಸ್ಸಿಗೆ ಹೋಗ್ತ್ರು." ನಾ ನಂಬ್ಲಿಲ್ಲ. ಜಗಳ ಮಾಡ್ದೆ ಅವ್ನ ಹತ್ರ, ಗ್ಲಾಸು ಒಡೀತು. "ನನ್ನ ಮೇಲೆ ಎಂತಕ್ಕೆ ಹಾರ್ತೆ? ಹೋಗಿ ನೋಡು" ಅಂದ.

ನೋಡೂದೇ ಬೇಡ. ನಿಮ್ಮ ಪತ್ರ ಮತ್ತೊಂದು ಸರ್ತಿ ಓದ್ದೆ, ಗೊತ್ತಾಯ್ತು. ಕಟ್ಟೆ ಆಚೆ ಹೊಳೆ ಕಂಡ್ತು ಹೇಳಿ ಬರ್ದೀರಿ. ಆ ಗಾಡಿಲಿ ಕೂತವ್ರಿಗೆ ಲಾರಿ ಚಕ್ರ ಬಿಟ್ರೆ ಎಂತ ಕಾಣ್ತದೆ? ಕಟ್ಟೆ ಕಾಣ್ತದೆ, ಕಟ್ಟೆ ಆಚೆದು ಕಾಣೂದಿಲ್ಲ. ಬಸ್ಸಿನ ಕಿಟಕಿಲಿ ನೋಡಿದ್ದು ನೀವು. ನಾಯಿ ಕಂಬಳಿ ಮೇಲೆ ಮಲಗಿತ್ತಂತೆ. ಆ ನಾಯಿನ ನೆನ್ಸ್ಕಂಡು ನಾ ಎಷ್ಟು ಸರ್ತಿ ಒಬ್ಬನೇ ನಕ್ಕಿದ್ದೆ ಗೊತ್ತದ್ಯಾ? ಇಷ್ಟು ದಿನ ನನ್ನ ಸೀಟು ಕಾಡಲ್ಲಿ ತಿರುಗ್ತದೆ ಹೇಳಿ ಅಂದ್ಕಂಡು ಮಲಗ್ದೆ.

ಸರಿ ಇಲ್ದಿದ್ರೆ ವಾಪಸ್ ಕಳ್ಸಿ ಹೇಳಿ ಬರ್ದಿದ್ನೋ ಇಲ್ವೋ? ಪಾಪ ಅನ್ಸೂದು ಬೇಡ ಹೇಳಿ ಬರ್ದಿದ್ನೋ ಇಲ್ವೋ? ಕಳವು ಆದಾಗ ಇಬ್ರ ಕೆಲ್ಸ ಹೋದ್ರೂ ಇದ್ದದ್ದು ಹೇಳಿದ್ರಿ. ನಂಗೆ ಮಾತ್ರ ಎಂತಕ್ಕೆ ಸುಳ್ಳು? ಅವ್ರಷ್ಟೂ ಲೆಕ್ಕಕ್ಕಿಲ್ವಾ ನಾನು?

ನಾಡಿದ್ದು ಸಂದೇಶ ಬರ್ತಾನೆ. ಸೀಟು ಬಿಚ್ಚಿ ಅವ್ನ ಕೈಲಿ ಕೊಡಿ. ಕೊಡ್ದಿದ್ರೆ ನಾನೇ ಬಂದು ಕಿತ್ಕಂಡು ಹೋಗ್ತೆ.

ರೂಪೇಶ


ಬೊಬ್ರುವಾಡ
4 ಜನವರಿ 2024

ರೂಪೇಶಾ,

ಸೀಟು ಕಳಿಸಿದ್ದೇನೆ.

ಮೊದಲ ವಾರ ಅದು ನಿಜಕ್ಕೂ ಚೆನ್ನಾಗಿತ್ತು. ನವೆಂಬರಿನ ಆ ಕಾಗದದಲ್ಲಿ ಸುಳ್ಳಿಲ್ಲ. ಆಮೇಲೆ ಕೂತಷ್ಟೂ ಗಟ್ಟಿಯಾಗುತ್ತಾ ಬಂತು, ಕೆಳಗಿನಿಂದ ಯಾರೋ ಎಳೆಯುತ್ತಿರುವ ಹಾಗೆ. ಡಿಸೆಂಬರಿಗೆ ಕಂಬಿಯೇ ಸೊಂಟದ ಮೂಳೆಗೆ ತಾಗತೊಡಗಿತು. ದಿಂಬು ಹಾಕಿ ನೋಡಿದೆ, ಕಾಲು ಎಟಕಲಿಲ್ಲ. ಗಾಡಿ ನಿಲ್ಲಿಸಿದೆ.

ನೀನು ಅಟ್ಟದಲ್ಲಿ ಮಲಗುವುದನ್ನು ಬರೆಯದೇ ಇದ್ದಿದ್ದರೆ ಮರುದಿನವೇ ವಾಪಸ್ ಕಳಿಸುತ್ತಿದ್ದೆ. ಬರೆದ ಮೇಲೆ ಆಗಲಿಲ್ಲ. ಕಳವಿನ ವಿಚಾರಣೆಯಲ್ಲಿ ಕೆಲಸ ಹೋದ ಇಬ್ಬರಲ್ಲಿ ಒಬ್ಬ ಆಗ ನಿನ್ನಷ್ಟೇ ವಯಸ್ಸಿನವನು. ಅವನು ಮಾಡಿದ್ದು ತಪ್ಪೇ. ಆದರೂ ಆಮೇಲೆ ಅವನು ಎಲ್ಲಿ ಮಲಗಿದ ಎಂದು ನಾನು ಯಾರನ್ನೂ ಕೇಳಲಿಲ್ಲ. ಈ ಬಾರಿ ಕೇಳದೆಯೇ ಗೊತ್ತಾಗಿತ್ತು.

ಇನ್ನೊಂದು ಕಾರಣವೂ ಇದೆ. ಅದನ್ನೂ ಹೇಳಿಬಿಡುತ್ತೇನೆ. ಸೀಟು ಸರಿಯಿಲ್ಲ ಎಂದರೆ ನೀನು ಸಿಟ್ಟಾಗಿ ಬರೆಯುವುದನ್ನೇ ನಿಲ್ಲಿಸುತ್ತೀ ಎಂದುಕೊಂಡೆ. ಗಾಡಿ ನಿಂತರೂ ನಡೆಯುತ್ತದೆ, ಕಾಗದ ನಿಲ್ಲಬಾರದು ಅನ್ನಿಸಿತು.

ನಿನ್ನ ಮಾಮ ಹೇಳಿದ ಹಾಗೆಯೇ ಮಾಡಿದರೆ ಇಲ್ಲಿಗೆ ಬಾ. ಗಾಡಿ ನಿಲ್ಲಿಸುವ ಶೆಡ್ಡು ದೊಡ್ಡದು, ಹೆದ್ದಾರಿಗೆ ಹತ್ತಿರ. ಅರ್ಧದಲ್ಲಿ ನಿನ್ನದೇ ಕುಶನ್ ಕೆಲಸ ಶುರುಮಾಡಬಹುದು. ಹಿಂದೆ ಒಂದು ಕೋಣೆಯಿದೆ, ಅಲ್ಲಿ ಮಂಚವಿದೆ. ಯೋಚನೆ ಮಾಡಬೇಡ, ಬಂದುಬಿಡು.

ವೈಜಯಂತಿ


ಕೋಡಿಬಾಗ
9 ಜನವರಿ 2024

ವೈಜಯಂತಿ ಬಾಯಿ,

ಬಿಚ್ಚಿದೆ. ತಪ್ಪು ನಂದೇ.

ಬಲೆ ಗಂಟು. ಅಪ್ಪ ಕಲ್ಸಿದ್ದು. ಎಳೆದಷ್ಟೂ ಬಿಗೀತದೆ, ಹಿಂದೆ ಸಡ್ಲಾಗೂದಿಲ್ಲ. ಸಮುದ್ರದಲ್ಲಿ ಅದೇ ಬೇಕು, ಮೀನು ಎಳೆದಷ್ಟೂ ಗಂಟು ಕಚ್ಬೇಕು. ಸೀಟಲ್ಲಿ ನೀವು ಕೂತ ಸರ್ತಿಯೆಲ್ಲ ಅದು ಒಂದೊಂದು ಕೂದ್ಲೆಳೆ ಬಿಗೀತು. ಚರ್ಮನ ಕೆಳಗೆ ಎಳ್ಕಂಡ್ತು, ದಾರ ಫೋಮಿನೊಳಗೆ ಇಳ್ದು ರೊಟ್ಟಿ ಕೊಯ್ದ ಹಾಂಗೆ ಕೊಯ್ತು, ಕಂಬಿ ಮೇಲೆ ಬಂತು. ಕುಶನ್ ಕೆಲ್ಸದವ ಯಾರೂ ಈ ತಪ್ಪು ಮಾಡ್ತಿರ್ಲಿಲ್ಲ. ಬೋಟು ಬಿಟ್ಟು ಬಂದೆ ಅಂದ್ಕಂಡಿದ್ದೆ, ಗಂಟು ಬೆರಳಲ್ಲೇ ಬಂದಿತ್ತು.

ಮಾಮ ಊಟದ ಡಬ್ಬಿ ಬಿಚ್ತಾ ಇದ್ದ. ಹೋಗಿ ಎದ್ರು ನಿಂತೆ. "ಸೀಟು ಮತ್ತೆ ಬಂದದೆ. ನನ್ನ ತಪ್ಪು. ನೀ ಹೇಳಿದ್ದೆಯಲ್ಲ, ಹೊರಗೆ ಹಾಕು" ಅಂದೆ.

ಅವ ನಗೂಕೆ ಶುರು ಮಾಡ್ದ. "ಅರೆ ಹುಚ್ಚಾ, ಅದು ಹೆದ್ರಸೂಕೆ ಹೇಳೂ ಮಾತು. ಇಲ್ಲಿ ಕೆಲ್ಸ ಮಾಡ್ದವ್ರಿಗೆಲ್ಲ ಹೇಳಿದ್ದೆ. ನಿನ್ನ ಹೊರಗೆ ಹಾಕಿ ಸೀಟು ನಾ ಹೊಲೀಲ್ಯಾ?"

ಕೇಳಿದ್ರಾ? ಹೆದ್ರಸೂ ಮಾತಂತೆ. ಅದ್ಕೆ ನೀವು ಸೊಂಟ ಮುರ್ಕಂಡ್ರಿ, ಗಾಡಿ ಮೂಲೆಗೆ ಹಾಕಿದ್ರಿ. ನಂಗೆ ಅವ್ನ ಡಬ್ಬಿ ಎತ್ತಿ ಬಿಸಾಕೂವಷ್ಟು ಸಿಟ್ಟು ಬಂತು. ಬಿಸಾಕ್ಲಿಲ್ಲ. ಸೀಟು ತೋರ್ಸ್ದೆ. ಅವ ಬಗ್ಗಿ ನೋಡಿ ಹೇಳ್ದ, "ಗಿರಾಕಿನೇ ಬಾಯಿ ಬಿಡ್ಲಿಲ್ಲ, ನೀ ಎಂತಕ್ಕೆ ಕೆದಕ್ದೆ? ಮೇಲೊಂದು ಹಾಳೆ ಫೋಮು ಇಟ್ಟು ಮುಚ್ಚಿ ಕಳ್ಸು. ಹೆಂಗಸು ಸುಮ್ಮಂಗೆ ಕೂತ್ಕಂತದೆ."

ಸುಮ್ಮಂಗೆ ಕೂತ್ಕಂತದೆ. ಅದು ಖರೇ, ಅಲ್ದಾ?

ನಾ ಮುಚ್ಲಿಲ್ಲ. ಪೂರ್ತಿ ಬಿಚ್ಚಿ ಮತ್ತೆ ಮಾಡ್ದೆ. ಮಾಬ್ಲೇಶ್ವರನ ರಿಕ್ಷಾದ ಹಿಂದಿನ ಸೀಟು, ಮತ್ತೆ ಯಾರ್ಯಾರದೋ, ಎಲ್ಲ ಹಾಂಗೇ ಬಿದ್ದಿತ್ತು. ಇವತ್ತು ಬೆಳಿಗ್ಗೆ ಮಾಮ ಗಿರಾಕಿಗಳ ಎದ್ರಿಗೆ ಕೂಗ್ದ, "ಏ ರೂಪ್ಯಾ, ಆ ಕೆಂಪು ಗಾಡಿದು ಇವತ್ತು ಮುಗೀಲಿಲ್ವೋ, ಚೀಲ ಹೊರಗೆ ಬಿಸಾಕ್ತೆ ನೋಡು!"

"ಇದು ಯಾವ್ದು?" ಅಂದೆ. "ಖರೇ ಮಾತೋ, ಹೆದ್ರಸೂ ಮಾತೋ?"

ಮಾಬ್ಲೇಶ್ವರ ಕಿಸಕ್ಕಂತ ನಕ್ಕ. ಮಾಮನ ಮುಖ ಕೆಂಪಾಯ್ತು.

"ನೀ ಬಿಸಾಕೂದು ಬೇಡ, ನಾನೇ ತಕಂಡು ಹೋಗ್ತೆ" ಅಂದೆ.

"ಹೋಗ್ತ್ಯಾ? ಎಲ್ಲಿ ಹೋಗ್ತೆ? ಯಾರಿದಾರೋ ನಿಂಗೆ? ಅಪ್ಪಂಗೇ ಬೇಡಾದವ. ನಾ ಆದ್ದಕ್ಕೆ ಇಟ್ಕಂಡೆ."

ಎಲ್ಲರೂ ನನ್ನ ಮುಖ ನೋಡಿದ್ರು. ನಿಮ್ಮ ಪತ್ರ ಕಿಸೆಲೇ ಇತ್ತು, ಶೆಡ್ಡು, ಮಂಚ ಎಲ್ಲ ಬರ್ದದ್ದು. ಅಂಕೋಲೆಲಿ ಒಬ್ರಿದಾರೆ ಹೇಳಿ ಅವ್ನ ಮುಖಕ್ಕೆ ಹಿಡೀಬಹುದಿತ್ತು. ಕೈ ಕಿಸೆವರೆಗೂ ಹೋಗಿತ್ತು. ಹಿಡೀಲಿಲ್ಲ. ಅಟ್ಟಕ್ಕೆ ಬಂದು ಇದನ್ನ ಬರಿತಾ ಇದ್ದೆ.

ಯಾಕೆ ಹೇಳ್ಲಿಲ್ಲ ಕೇಳಿ. ಯೋಚನೆ ಮಾಡಬೇಡ ಹೇಳಿ ಬರ್ದ್ರಿ, ನಾ ದಿನಾ ಅದನ್ನೇ ಯೋಚ್ನೆ ಮಾಡ್ದೆ. ನಾ ಬಂದು ನಿಮ್ಮ ಶೆಡ್ಡಲ್ಲಿ ಕೂತ್ರೆ ಏನಾಗ್ತದೆ? ನಾ ಬೈತೆ, ಗ್ಲಾಸು ಒಡಿತೆ, ಗಿರಾಕಿ ಹತ್ರ ಜಗಳ ಮಾಡ್ತೆ. ನೀವು ಒಂದು ಮಾತು ಹೇಳೂದಿಲ್ಲ. ಎಲ್ಲಿ ಮಲಗ್ತಾನೋ ಹೇಳಿ ಸುಮ್ಮಂಗೆ ಇರ್ತ್ರಿ. ಸೀಟು ಚುಚ್ಚಿದ್ದನ್ನ ಸಹಿಸ್ಕಂಡ ಹಾಂಗೆ ನನ್ನನ್ನೂ ಸಹಿಸ್ಕಂತ್ರಿ, ಆಮೇಲೆ ದಿನದಿನಕ್ಕೆ ಮೆತ್ತಗಾಗ್ತಿದಾನೆ ಹೇಳಿ ಯಾರಿಗೋ ಬರಿತ್ರಿ. ನಂಗದು ಬೇಡ. ಅಪ್ಪ ಹೊಡ್ದ, ಮಾಮ ಹೆದ್ರಸ್ದ. ಇಬ್ರೂ ನನ್ನ ಕೆಲ್ಸ ಕೆಟ್ಟದ್ದಾದ್ರೆ ಕೆಟ್ಟದ್ದು ಹೇಳಿನೇ ಹೇಳಿದ್ರು. ನೀವೊಬ್ರು ಒಳ್ಳೇದು ಅಂದಿದ್ರಿ. ಅದನ್ನ ಈಗ ನಂಬೂಕಾಗ್ತಿಲ್ಲ. ಹಾರವಾಡಕ್ಕೆ ಹೋದಾಗ ಸೀಟಿನ ನೆನಪೇ ಬರ್ಲಿಲ್ಲ ಹೇಳಿ ಬರ್ದಿದ್ರಲ್ಲ, ಅದೊಂದು ಖರೇ ಇರ್ಬಹುದು. ಅದನ್ನ ಇಟ್ಕಂತೆ.

ಸೀಟು ಮುಗೀತು. ತಂತಿ ಕೊಂಡಿನೇ ಹಾಕಿದ್ದೆ, ತುಕ್ಕು ಹಿಡೀದ ಹಾಂಗೆ ಒಂದೊಂದಕ್ಕೂ ಬಣ್ಣ ಬಳ್ದು. ಕಂಬಿ ಮೇಲೆ ಗೋಣಿಪಟ್ಟೆ ಅಂಟ್ಸಿದ್ದೆ. ಮುಂದಿನ ಅಂಚು ನಿಮ್ಮ ದಾರದ ಅಳತೆಗೇ ಅದೆ. ಕೂತು ನೋಡ್ದೆ, ನೂರು ಸರ್ತಿ ಎದ್ದು ಕೂತು ನೋಡ್ದೆ, ಬಿಗೀಲಿಲ್ಲ. ಮುಂದೆ ಎಂದಾದ್ರೂ ಚುಚ್ಚಿದ್ರೆ ಹೋಗಿ ಬಾಯಿ ಬಿಟ್ಟು ಹೇಳಿ. ಯಾರಿಗೇ ಹೊಲ್ಸೂಕೆ ಕೊಟ್ರೂ, ಅವ ಎಲ್ಲೇ ಮಲಗ್ಲಿ, ಹೇಳಿ. ತಾಡಪತ್ರೆ ತೆಗ್ದು ಬಿಸಾಕಿ.

ಸಂದೇಶ ಸೀಟು ಟೆಂಪೋಕ್ಕೆ ಹೇರ್ದ. ಕೆಳಗಿಂದ ಕೂಗ್ತಾನೆ, "ನೀನೂ ಹತ್ತೋ, ಅಂಕೋಲೆಲಿ ಇಳಿಸ್ತೆ!" ನಾ ಆ ದಿಕ್ಕಿಗಲ್ಲ ಅಂದೆ. "ಮತ್ಯಾವ ದಿಕ್ಕಿಗೆ?" ಕೇಳ್ದ. ನಂಗೆ ಗೊತ್ತಿದ್ರೆ ಅಲ್ವಾ ಹೇಳೂದು?

ಚೀಲ ಕಟ್ದೆ. ಎರಡು ಅಂಗಿ, ಚೂರಿ, ಹೊಲಿಯೂ ಸೂಜಿ. ಮಾಮ ಕೆಳಗೆ ಗಿರಾಕಿ ಹತ್ರ ಜೋರಾಗಿ ಮಾತಾಡ್ತಾ ಇದಾನೆ, ನಂಗೆ ಕೇಳ್ಲಿ ಹೇಳಿ. "ಎಲ್ಲೂ ಹೋಗೂದಿಲ್ಲ ಅವ, ಹಸಿವಾದ್ರೆ ಇಳ್ದು ಬರ್ತಾನೆ" ಅಂತಾನೆ. ಇಳಿತೆ ಈಗ. ಅವ್ನ ಎದ್ರಿಗೇ ಹಾದು, ಈ ಕಾಗದ ಸಂದೇಶನ ಕೈಲಿ ಕೊಟ್ಟು, ತಿರುಗಿ ಬಂದು ಅಂಗಡಿ ಬಾಗ್ಲು ಹಿಡ್ದು ಎಳ್ದು ಹೊಡಿತೆ. ಗೋಡೆ ಮೇಲಿನ ರೆಕ್ಸಿನ್ ತುಂಡೆಲ್ಲ ಅವ್ನ ತಲೆ ಮೇಲೆ ಉದುರ್ಬೇಕು, ಹಾಂಗೆ ಹೊಡಿತೆ.

ರೂಪೇಶ